ಬಕೆಟ್ಟಿನ ಕೆಳಗಿನ ಗೋಧಿ

ಗುರುಪೂರ್ಣಿಮೆಯ ಬೆಳಿಗ್ಗೆ. ತಾಮ್ರದ ಬಕೆಟ್ಟಿನ ತುಂಬ ಹೊಳೆಯ ನೀರು, ಹಿತ್ತಾಳೆಯ ಹರಿವಾಣದ ತುಂಬ ಹೂವು ಹಿಡಿದುಕೊಂಡು ಶಿಷ್ಯ ಪಾದಪೂಜೆಗೆಂದು ಬಂದು ಕುಳಿತ. ಗುರುಗಳು ಅವನ ಮುಖ ನೋಡಿದರು. ನೋಡಿದವರೇ ಎರಡೂ ಕಾಲುಗಳನ್ನು ಸರಕ್ಕನೆ ಮಡಚಿ, ಮೇಲೆ ಕಂಬಳಿ ಎಳೆದುಕೊಂಡುಬಿಟ್ಟರು.

ಯಾಕಿರಬಹುದು? ಊಹಿಸಿ ನೋಡೋಣ.

ಚಳಿಯೇ? ಆಷಾಢದ ಗಾಳಿ ಬೀಸುತ್ತಿತ್ತು, ನಿಜ. ಆದರೆ ಅದೇ ಗುರುಗಳು ಅರ್ಧ ಗಂಟೆಯ ಹಿಂದೆ ಹೊಳೆಯಲ್ಲಿ ಮುಳುಗಿ ಎದ್ದು ಬಂದಿದ್ದರು. ಮಡಿ ಮೈಲಿಗೆಯೇ? ಆ ಆಶ್ರಮದ ಬೆಕ್ಕು ದಿನಾ ಮಲಗುತ್ತಿದ್ದದ್ದೇ ಅವರ ಪಾದದ ಮೇಲೆ. ಕಾಲುನೋವೇ? ಅಲ್ಲವೇ ಅಲ್ಲ. ನೀವು ಇನ್ನೂ ಹತ್ತು ಊಹೆ ಮಾಡಿ, ಹತ್ತೂ ತಪ್ಪುತ್ತವೆ. ಬೇಜಾರು ಬೇಡ, ಶಿಷ್ಯನಿಗೂ ತಪ್ಪಿತ್ತು.

ಅವನ ಹೆಸರು ಅಡಿವೆಪ್ಪ. ಮೂವತ್ನಾಲ್ಕು ವಯಸ್ಸು, ಬಿ.ಎಸ್ಸಿ. ಓದಿದವನು. ಗುರುಗಳು ನಿರುಪಾದಯ್ಯನವರು, ಮಲಪ್ರಭೆಯ ಆ ದಡ ಈ ದಡದವರಿಗೆಲ್ಲ ಅಜ್ಜಾರು.

"ಅಜ್ಜಾರ, ಪಾದ ಕೊಡ್ರಿ."

"ಕೊಡೂದಿಲ್ಲ."

"ಯಾಕ್ರಿ?"

"ನಿನ್ನ ಕೈಯಾಗ ರಬ್ಬರಿನ ಧೂಳು ಐತಿ."

ಅಡಿವೆಪ್ಪ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಈಗತಾನೇ ತೊಳೆದ ಕೈ. ಧೂಳೆಲ್ಲಿಂದ ಬರಬೇಕು?

ಅಜ್ಜಾರು ಕಂಬಳಿಯ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದು ಅವನ ಮುಂದೆ ಒಗೆದರು. ಇಟ್ಟದ್ದಲ್ಲ, ಒಗೆದದ್ದು. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆಯುವ ಮನುಷ್ಯ ಅವರು!

ನೋಟ್‌ಬುಕ್ಕಿನ ಮೇಲೆ ಹೆಸರಿತ್ತು: ಚಂಪಾ.

ಇಲ್ಲಿ ಎರಡು ಮಾತು ಹೇಳಬೇಕು. ಹೊಳೆಯಾಚೆ ಹನ್ನೊಂದು ಮನೆಗಳಿದ್ದವು, ಶಾಲೆ ಈಚೆ. ಮಳೆಗಾಲದಲ್ಲಿ ಹೊಳೆ ಕೆಂಪಗೆ ತುಂಬಿ ಹರಿಯುವಾಗ ಮಕ್ಕಳನ್ನು ಹರಿಗೋಲು ಹತ್ತಿಸಲು ಯಾವ ತಾಯಿ ಒಪ್ಪುತ್ತಾಳೆ? ಹಾಗಾಗಿ ನಾಲ್ಕು ತಿಂಗಳು ಆ ಮಕ್ಕಳ ಕಲಿಕೆ ಮನೆಯಲ್ಲೇ. ಅವರಿಗಾಗಿ ಅಜ್ಜಾರು ಒಂದು ಪೆಟ್ಟಿಗೆ ಮಾಡಿಸಿದ್ದರು. ಅದರಲ್ಲಿ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಅಳತೆಪಟ್ಟಿಗಳು, ಮೇಣದಬತ್ತಿ, ದಾರ. ಉಳಿದದ್ದೆಲ್ಲ ಅವರವರ ಅಡುಗೆಮನೆಯದು. ವಾರಕ್ಕೆ ಎರಡು ಸಲ ಪೆಟ್ಟಿಗೆ ಹೊತ್ತು ಹೊಳೆ ದಾಟುವ ಕೆಲಸ ಅಡಿವೆಪ್ಪನದು. ಪೆಟ್ಟಿಗೆ ಕೊಡುವಾಗ ಅಜ್ಜಾರು ಹೇಳಿದ್ದು ಒಂದೇ ಮಾತು: "ಕಂಡಿದ್ದನ್ನ ಬರಸು."

"ತಗಿ. ಓದು," ಅಂದರು ಅಜ್ಜಾರು.

ಅಡಿವೆಪ್ಪ ತೆರೆದ. ಪುಟದ ಮೇಲ್ಗಡೆ ಹುಡುಗಿಯ ದುಂಡನೆಯ ಅಕ್ಷರ: ‘ಪ್ರಯೋಗ: ಗಿಡ ಬೆಳೆಯಲು ಬೆಳಕು ಬೇಕೆ?’ ಕೆಳಗೆ ಕೆಂಪು ಶಾಯಿಯಲ್ಲಿ ಅವನದೇ ಕೈಬರಹ: ‘ತಪ್ಪು. ಮತ್ತೆ ಬರೆ.’ ಅದರ ಕೆಳಗೆ ಮತ್ತೆ ಹುಡುಗಿಯದು: ‘ಕತ್ತಲೆಯಲ್ಲಿ ಗಿಡ ಬೆಳೆಯುವುದಿಲ್ಲ.’ ಪೆನ್ಸಿಲ್ ಎಷ್ಟು ಒತ್ತಿ ಬರೆದಿದ್ದಳೆಂದರೆ ಅಕ್ಷರಗಳು ಹಾಳೆಯ ಬೆನ್ನಿಗೆ ಉಬ್ಬಿಕೊಂಡಿದ್ದವು.

ನಡುವೆ, ಅವಳು ಮೊದಲು ಬರೆದಿದ್ದ ಜಾಗದಲ್ಲಿ, ಒಂದು ತೂತು. ಉಜ್ಜಿ ಉಜ್ಜಿ ಅಳಿಸಿ ಹಾಳೆಯೇ ಸವೆದು ಹೋಗಿತ್ತು.

"ಈ ತೂತಿನ ಜಾಗಾದಾಗ ಏನಿತ್ತು?"

"ಅದು... ಡಬ್ಬಿ ಬೋರಲ ಮುಚ್ಚಿ ಕತ್ತಲಾಗ ಇಟ್ಟ ಗೋಧಿ ಸಸಿ ಹದಿನೇಳು ಸೆಂಟಿಮೀಟರ್, ಬಿಸಲಾಗಿನ ಸಸಿ ಹನ್ನೊಂದು ಅಂತ ಬರದಿದ್ಳ್ರಿ."

"ಯಾರು ಅಳಿಸಿದ್ರು?"

"ಆಕೀನ ಅಳಿಸಿದ್ಳ್ರಿ."

"ಯಾರು ಅಳಿಸಂದ್ರು?"

ಅಡಿವೆಪ್ಪ ನೆಲ ನೋಡಿದ. "ನಾನ್ರಿ. ತಪ್ಪು ಬರದಿದ್ಳು. ಕತ್ತಲಾಗ ಸಸಿ ಬೆಳೆಯೂದಿಲ್ಲ. ನಮ್ಮ ವಿಜ್ಞಾನದ ಚಾರ್ಟಿನ್ಯಾಗ ಚಿತ್ರ ಸಹಿತ ಐತ್ರಿ."

"ನೀ ಡಬ್ಬಿ ಎತ್ತಿ ನೋಡಿದ್ಯಾ?"

ಅಡಿವೆಪ್ಪ ಹರಿವಾಣದ ಹೂವುಗಳನ್ನು ಸರಿಪಡಿಸತೊಡಗಿದ.

"ಲೇ, ಕಿವಿ ಕೇಳಸ್ತಾವಿಲ್ಲೋ? ಎತ್ತಿ ನೋಡಿದ್ಯಾ?"

"ಇಲ್ರಿ. ನೋಡೂದೇನ್ರಿ ಅದರಾಗ? ಚಾರ್ಟಿನ್ಯಾಗ ಐತಲ್ರಿ."

ಅಜ್ಜಾರು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು.

"ಉಳಿದ ಹತ್ತು ಹುಡುಗರು ಏನ್ ಬರದಿದ್ರು?"

"ಸರಿಯಾಗಿ ಬರದಿದ್ರ್ರಿ. ಕತ್ತಲಾಗ ಬೆಳೀಲಿಲ್ಲ ಅಂತ. ಎಲ್ಲಾರಿಗೂ ನಕ್ಷತ್ರ ಹಾಕೀನಿ."

"ಅವರು ಡಬ್ಬಿ ಎತ್ತಿ ನೋಡಿದ್ರಾ?"

ಈ ಪ್ರಶ್ನೆ ಅಡಿವೆಪ್ಪನಿಗೆ ಈವರೆಗೆ ಹೊಳೆದೇ ಇರಲಿಲ್ಲ.

"ಹತ್ತು ಮಂದಿ ನೋಡದ ಬರದ್ರು, ಅವರಿಗೆ ನಕ್ಷತ್ರ!" ಅಜ್ಜಾರ ದನಿ ಏರಿತು. ಪಾದದ ಹತ್ತಿರ ಮಲಗಿದ್ದ ಬೆಕ್ಕು ಎದ್ದು ಹೊರಗೆ ನಡೆಯಿತು. "ಒಬ್ಬಾಕಿ, ಹತ್ತು ವರ್ಷದ ಕೂಸು, ದಿನಾ ಎದ್ದು ನೋಡಿ, ಪಟ್ಟಿ ಹಿಡಿದು ಅಳದು ಬರದ್ಳು. ಆಕಿಗೆ ಕೆಂಪು ಗೀಟು! ಪ್ರಯೋಗ ಮಾಡಸಾಕ ನಿನ್ನ ಕಳಿಸಿದ್ನೋ, ಚಾರ್ಟ್ ನಕಲು ಮಾಡಸಾಕ ಕಳಿಸಿದ್ನೋ?"

"ತಿದ್ದಬೇಕಲ್ರಿ, ಅಜ್ಜಾರ..."

"ಆ ಹುಡುಗಿ ಬಾಯಿ ಬಿಟ್ಟು ಏನೂ ಅನ್ಲಿಲ್ಲೇನು?"

ಅಂದಿದ್ದಳು. ಅಡಿವೆಪ್ಪ ಅದನ್ನೂ ಹೇಳಿದ: "ನಮ್ಮ ಅಮ್ಮ ಘಟ್ಟ ಹಾಕಿದಾಗೂ ಹಿಂಗ ಉದ್ದ ಬರ್ತಾವ್ರಿ ಸರ ಅಂದ್ಳು."

"ನೀ ಏನಂದಿ?"

"ಅದು ದೇವರ ಕೆಲಸ, ಇದು ವಿಜ್ಞಾನ ಅಂದೆ."

ಅಜ್ಜಾರು ಕಣ್ಣು ಮುಚ್ಚಿಕೊಂಡರು. ಸಿಟ್ಟನ್ನು ನುಂಗುವುದಕ್ಕೆ ಮುಚ್ಚಿದ್ದೋ, ಕೂಡಿಸಿಕೊಳ್ಳುವುದಕ್ಕೋ ಅಡಿವೆಪ್ಪನಿಗೆ ತಿಳಿಯಲಿಲ್ಲ.

ಘಟ್ಟ ಅಂದರೆ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ನವರಾತ್ರಿಯ ಮೊದಲ ದಿನ ದೇವರ ಮನೆಯಲ್ಲಿ ಮಣ್ಣು ಹರವಿ, ಗೋಧಿಯೋ ಜೋಳವೋ ಚೆಲ್ಲಿ, ನಡುವೆ ನೀರು ತುಂಬಿದ ಕೊಡ ಇಡುತ್ತಾರೆ. ದಸರೆಯ ಹೊತ್ತಿಗೆ ಸುತ್ತಲೂ ಸಸಿ ಎದ್ದಿರುತ್ತದೆ. ಬನ್ನಿ ಕೊಡುವ ಸಂಜೆ ಗಂಡಸರು ಆ ಸಸಿಯನ್ನು ಕಿತ್ತು ಟೊಪ್ಪಿಗೆಗೆ ಸಿಕ್ಕಿಸಿಕೊಂಡು ಮನೆ ಮನೆ ತಿರುಗುತ್ತಾರೆ.

"ದಸರಾದ ದಿನ ಟೊಪ್ಪಿಗ್ಯಾಗ ಏನ್ ಸಿಕ್ಕಿಸ್ಕೋತಿ, ಅಡಿವೆಪ್ಪಾ?"

"ಘಟ್ಟದ ಸಸಿ ರೀ."

"ನಿಮ್ಮವ್ವ ಎಲ್ಲಿ ಬೆಳಸ್ತಾಳ?"

"ದೇವರ ಮನ್ಯಾಗ್ರಿ."

"ಅದಕ್ಕ ಕಿಟಕಿ ಎಷ್ಟು?"

"ಕಿಟಕಿ ಇಲ್ರಿ. ಒಂದ ನಂದಾದೀಪ."

"ಸಸಿ ಎಷ್ಟುದ್ದ ಬರ್ತಾವ?"

ಅಡಿವೆಪ್ಪನ ಕೈ ತಾನಾಗಿಯೇ ಮೇಲೆದ್ದು, ಹೆಬ್ಬೆರಳು ಕಿರುಬೆರಳು ಅಗಲಿಸಿ ಒಂದು ಗೇಣು ತೋರಿಸಿತು. ತೋರಿಸಿದ ಮೇಲೆ ಆ ಕೈಯನ್ನು ಎಲ್ಲಿಡಬೇಕೋ ಅವನಿಗೆ ತಿಳಿಯಲಿಲ್ಲ.

"ಬಣ್ಣ?"

"ಹಳದಿ," ಅಂದ, ಬಹಳ ಸಣ್ಣ ದನಿಯಲ್ಲಿ.

"ವರ್ಷಾ ತಲಿ ಮ್ಯಾಲ ಇಟ್ಕೊಂಡು ಊರೆಲ್ಲಾ ತಿರಗತಿ. ಒಮ್ಮೆರೆ ಒಳಗ ಇಳೀತೇನೋ? ದೇವರ ಮನ್ಯಾಗಿನ ಗೋಧಿಗೆ ಒಂದು ನ್ಯಾಯ, ನಿನ್ನ ಪೆಟಗಿ ಗೋಧಿಗೆ ಇನ್ನೊಂದು ನ್ಯಾಯ? ಗೋಧಿಗೆ ಗೊತ್ತೈತೇನು, ತಾ ಯಾರ ಕೈಯಾಗ ಅದೀನಂತ?"

"ತಪ್ಪಾತ್ರಿ, ಅಜ್ಜಾರ. ಈಗ ಗೊತ್ತಾತು."

"ಏನ್ ಗೊತ್ತಾತು? ನಾ ಅಂದಿದ್ದು ಗೊತ್ತಾತು. ನಿನ್ನೆತನಕ ಚಾರ್ಟ್ ಅಂದಿದ್ದು ಗೊತ್ತಿತ್ತು."

ಅಡಿವೆಪ್ಪ ನೋಟ್‌ಬುಕ್ ಮುಚ್ಚಿದ.

"ನಿನ್ನೆ ಆಕಿ ಅಜ್ಜಿ ಬಂದಿದ್ಳು," ಅಂದರು ಅಜ್ಜಾರು. ಈಗ ದನಿ ಇಳಿದಿತ್ತು, ಆದರೆ ಅದು ಇನ್ನೂ ಕಷ್ಟ. "ಈ ಪುಸ್ತಕ ನನ್ನ ಕೈಯಾಗಿಟ್ಟು ಹೋದ್ಳು. ಮೊಮ್ಮಗಳು ಹೇಳಿ ಕಳಿಸ್ಯಾಳ, ಕಣ್ಣಿಗೆ ಕಂಡಿದ್ದು ತಪ್ಪಾದ್ರ ನನಗ ಪುಸ್ತಕ ಬ್ಯಾಡ ಅಂತ. ಇರಿವಿ ಸಾಲು ಎಣಸಾಕಿ, ಚಂದ್ರನ್ನ ದಿನಾ ಬರ್ಕೊಳ್ಳಾಕಿ, ಈಗ ಗ್ವಾಡಿಗೆ ಮುಖ ಮಾಡಿ ಕುಂತಾಳಂತ. ಆ ಹುಡುಗಿ ಮತ್ತ ಪೆನ್ಸಿಲ್ ಹಿಡೀಬೇಕು. ಅಲ್ಲೀತನಕ ಈ ಪಾದ ನಿನಗಿಲ್ಲ."

"ಹೋಗಿ ಕ್ಷಮಾ ಕೇಳ್ತೀನ್ರಿ. ಇವತ್ತ."

"ಕ್ಷಮಾ ತಗೊಂಡು ಆಕಿ ಏನ್ ಮಾಡ್ತಾಳ? ಉಪ್ಪಿನಕಾಯಿ ಹಾಕ್ತಾಳೇನು? ಆ ಬಕೀಟು ತಾ ಇಲ್ಲಿ."

ಪಾದ ತೊಳೆಯಲು ತಂದ ನೀರಿನಲ್ಲಿ ಗೋಧಿ ನೆನೆಯಿತು. ಎರಡು ತೆಂಗಿನ ಚಿಪ್ಪಿಗೆ ಮಣ್ಣು ತುಂಬಿಸಿ, ಎರಡರಲ್ಲೂ ಗೋಧಿ ಹಾಕಿಸಿ, ಅದೇ ನೀರು ಚಿಮುಕಿಸಿದರು ಅಜ್ಜಾರು. ಒಂದು ಚಿಪ್ಪು ಕಟ್ಟೆಯ ಮೇಲೆ ಬೆಳಕಿಗೆ. ಇನ್ನೊಂದನ್ನು ಹೂವಿನ ಹರಿವಾಣದಲ್ಲಿಟ್ಟು, ಮೇಲೆ ಖಾಲಿ ಬಕೆಟ್ಟು ಬೋರಲು.

"ಎಂಟು ದಿನ. ಬಕೀಟು ಎತ್ತಬ್ಯಾಡ. ಎಂಟನೇ ದಿನ ಆಕಿ ಮುಂದ ಎತ್ತು."

ಆ ಮಧ್ಯಾಹ್ನ ಅಜ್ಜಾರು ಹಾಯ್ದು ಹೋಗುವಾಗ ಅಡಿವೆಪ್ಪ ಹೊಸ ಹಾಳೆಯ ಮೇಲೆ ಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದ. ಅಜ್ಜಾರು ಬಗ್ಗಿ ನೋಡಿದರು. ಚೊಕ್ಕಟವಾದ ಕೋಷ್ಟಕ. ಎಂಟನೇ ದಿನದ ಸಾಲಿನಲ್ಲಿ: ಬಕೆಟ್ಟಿನ ಕೆಳಗೆ ಹದಿನೇಳು, ಬೆಳಕಿನಲ್ಲಿ ಹನ್ನೊಂದು.

"ಇದೇನಪಾ?"

"ತಯಾರ ಮಾಡಿ ಇಟ್ಟೀನ್ರಿ."

"ಗೋಧಿ ಇನ್ನೂ ನೀರು ಕುಡದಿಲ್ಲ, ನೀ ಆಗಲೇ ಅದರ ಎತ್ತರ ಬರದಿ?"

"ಚಂಪಾ ಬರದಿದ್ದು ಅಷ್ಟ ಅಲ್ರಿ. ಆಕೀದ ಸರಿ ಅಂತ ನೀವ ಅಂದ್ರಿ."

ಅಜ್ಜಾರು ಹಣೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದರು. "ಇದನ್ನ ಎಲ್ಲಿ ಕಲ್ತಿ, ತಮ್ಮಾ?"

ಅಡಿವೆಪ್ಪ ಪಟ್ಟಿ ಕೆಳಗಿಟ್ಟ. ಆಮೇಲೆ ನಿಜ ಹೇಳಿದ. "ಕಾಲೇಜಿನ್ಯಾಗ್ರಿ. ಲೋಲಕದ ಪ್ರಯೋಗ ಇರ್ತಿತ್ತು. ಉತ್ತರ ಒಂಬತ್ತು ಪಾಯಿಂಟ್ ಎಂಟು ಬರಬೇಕು ಅಂತ ಎಲ್ಲಾರಿಗೂ ಗೊತ್ತು. ಹಿಂದಿನ ವರ್ಷದವರ ರೆಕಾರ್ಡ್ ಇಟ್ಕೊಂಡು ಮೊದಲ ಉತ್ತರ ಬರದು, ಆಮೇಲೆ ಅದಕ್ಕ ಹೊಂದೂ ಹಂಗ ಅಳತಿ ತುಂಬತಿದ್ವಿ. ಲೋಲಕ ತೂಗಿ ಬಿಟ್ಟು ಚಹಾ ಕುಡ್ಯಾಕ ಹೋಗ್ತಿದ್ವಿ."

"ಯಾರೂ ಕೇಳಲಿಲ್ಲ?"

"ಇಪ್ಪತ್ತಕ್ಕ ಇಪ್ಪತ್ತು ಕೊಟ್ರ್ರಿ."

ಅಜ್ಜಾರು ಆ ಹಾಳೆಯನ್ನು ಹರಿದರು. ನಾಲ್ಕು ಮಡಿಕೆ ಮಡಚಿ, ಅಲುಗಾಡುತ್ತಿದ್ದ ಮಣೆಯ ಕಾಲಿನ ಕೆಳಗೆ ತುರುಕಿದರು. ಮಣೆ ಗಟ್ಟಿಯಾಗಿ ನಿಂತಿತು.

"ಹಾಂ. ಈಗ ಇದು ಒಂದು ಕೆಲಸಕ್ಕ ಬಂತು."

ಎಂಟು ದಿನ ಅಡಿವೆಪ್ಪ ಆ ಬಕೆಟ್ಟಿನ ಸುತ್ತ ತಿರುಗಿದ. ಕಟ್ಟೆಯ ಮೇಲಿನ ಸಸಿ ದಿನಕ್ಕಿಷ್ಟು ಹಸಿರಾಗಿ ಏರುವುದು ಕಣ್ಣಿಗೆ ಕಾಣುತ್ತಿತ್ತು. ಬಕೆಟ್ಟಿನೊಳಗೆ ಏನಾಗುತ್ತಿದೆ? ಚಾರ್ಟು ಒಂದು ಹೇಳುತ್ತದೆ, ಹುಡುಗಿ ಒಂದು ಹೇಳುತ್ತಾಳೆ. ಏನೂ ಮೊಳೆಯದೇ ಇದ್ದರೆ? ಗೋಧಿ ಕೊಳೆತು ಹೋಗಿದ್ದರೆ? ಆ ಹುಡುಗಿಯ ಮುಂದೆ ಎತ್ತಿ ತೋರಿಸಿದಾಗ ಬರೀ ಮಣ್ಣಿದ್ದರೆ, ಅವಳು ಮತ್ತೆ ಪೆನ್ಸಿಲ್ ಮುಟ್ಟುತ್ತಾಳೆಯೇ? ಐದನೆಯ ದಿನ ಬಕೆಟ್ಟಿನ ಅಂಚಿಗೆ ಬೆರಳು ಹಾಕಿ, ತೆಗೆದ. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ಒಂದು ಉತ್ತರ ಗೊತ್ತಿರಲಿಲ್ಲ, ಮತ್ತು ಅದಕ್ಕೆ ಅವನಿಗೆ ನಿದ್ದೆ ಬರಲಿಲ್ಲ.

ಎಂಟನೆಯ ದಿನ ಹರಿವಾಣ, ಬಕೆಟ್ಟು ಎರಡನ್ನೂ ಸೇರಿಸಿ ಬಟ್ಟೆ ಕಟ್ಟಿ, ಬೆಳಕಿನ ಚಿಪ್ಪನ್ನು ಇನ್ನೊಂದು ಕೈಯಲ್ಲಿ ಹಿಡಿದು ಹರಿಗೋಲು ಹತ್ತಿದ. ಹಿಂದೆಯೇ ಅಜ್ಜಾರೂ ಹತ್ತಿದರು. ಹುಟ್ಟು ಹಾಕುವವನು, "ಏನ್ ಸರ, ಬಕೀಟು ಬೋರಲ ಹಾಕಿ ನೀರು ತರೂದು ಹೊಸಾ ವಿಜ್ಞಾನ ಏನ್ರಿ?" ಅಂದ. ಅಡಿವೆಪ್ಪ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡ.

ಚಂಪಾ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅವಳ ಅಜ್ಜಿ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಜ್ಜಾರನ್ನು ಕಂಡು ಮುದುಕಿ ಗಡಬಡಿಸಿ ಎದ್ದಳು. ಹುಡುಗಿ ಏಳಲಿಲ್ಲ.

"ಚಂಪಾ," ಅಂದ ಅಡಿವೆಪ್ಪ.

"ನಾ ಪ್ರಯೋಗ ಬಿಟ್ಟೀನ್ರಿ ಸರ," ಅಂದಳು ಗೋಡೆಗೆ.

"ನೀ ಮಾಡಬ್ಯಾಡವ್ವ. ನಾ ಮಾಡೀನಿ. ಇದರಾಗ ಏನೈತಿ ನನಗೂ ಗೊತ್ತಿಲ್ಲ. ಎಂಟು ದಿನ ಆತು."

ಹುಡುಗಿಯ ತಲೆ ಅರ್ಧ ತಿರುಗಿತು. "ನೋಡೇ ಇಲ್ರಿ?"

"ಇಲ್ಲ."

ಈಗ ಪೂರ್ತಿ ತಿರುಗಿದಳು. ಬೋರಲು ಬಿದ್ದ ಬಕೆಟ್ಟನ್ನು ಸುಮ್ಮನೆ ಬಿಟ್ಟು ಕೂಡುವ ಮಕ್ಕಳು ಎಲ್ಲಿದ್ದಾರೆ!

ಅಡಿವೆಪ್ಪ ಬಕೆಟ್ಟು ಎತ್ತಿದ.

ಹಳದಿ. ಅವನವ್ವನ ದೇವರ ಮನೆಯ ಅದೇ ಹಳದಿ. ಸಣ್ಣಗೆ, ಉದ್ದಕ್ಕೆ, ತುದಿ ಬಾಗಿ, ಒಂದರ ಮೇಲೊಂದು ಒರಗಿ ನಿಂತಿದ್ದವು. ಪಕ್ಕದಲ್ಲಿಟ್ಟ ಬೆಳಕಿನ ಚಿಪ್ಪಿನ ಸಸಿ ಗಿಡ್ಡಕ್ಕೆ, ಹಸಿರಾಗಿ, ನೆಟ್ಟಗೆ ನಿಂತಿತ್ತು.

ಅವನು ಪಟ್ಟಿ ಹಿಡಿದ. ಮತ್ತೆ ಹಿಡಿದ. ಹದಿನಾಲ್ಕೂವರೆ.

ಹದಿನಾಲ್ಕೂವರೆ! ಹುಡುಗಿ ಬರೆದದ್ದು ಹದಿನೇಳು. ಈಗ ಹದಿನಾಲ್ಕೂವರೆ ಅಂದರೆ, ನೀ ಅಳೆದದ್ದು ತಪ್ಪು ಎಂದು ಎರಡನೇ ಸಲ ಹೇಳಿದ ಹಾಗೆ ಆಗುವುದಿಲ್ಲವೇ? ಹದಿನೇಳು ಅಂದುಬಿಟ್ಟರೆ ಅವಳು ನಗುತ್ತಾಳೆ, ಪೆನ್ಸಿಲ್ ಹಿಡಿಯುತ್ತಾಳೆ, ಅಜ್ಜಾರು ಪಾದ ಕೊಡುತ್ತಾರೆ. ಅವನ ಹೆಬ್ಬೆರಳು ಪಟ್ಟಿಯ ಮೇಲೆ ಹದಿನೇಳರ ಗೆರೆಯವರೆಗೆ ಮೇಲಕ್ಕೆ ಜಾರಿತು.

ಮತ್ತೆ ಕೆಳಗೆ ತಂದ.

"ಹದಿನಾಲ್ಕೂವರೆ," ಅಂದ. "ಬೆಳಕಿನ್ಯಾಗಿಂದು ಒಂಬತ್ತು."

ಚಂಪಾ ಅವನನ್ನೇ ನೋಡಿದಳು. "ನಂದು ಹದಿನೇಳು ಬಂದಿತ್ತಲ್ರಿ?"

"ನಿಂದು ಹದಿನೇಳು. ನಂದು ಹದಿನಾಲ್ಕೂವರೆ."

"ಯಾಕ್ರಿ ಕಡಿಮಿ?"

ಬಾಯಿಗೆ ಮೂರು ನಾಲ್ಕು ಕಾರಣ ಬಂದವು. ಮಣ್ಣು, ನೀರು, ಬೀಜ. ಅಡಿವೆಪ್ಪ ಅವನ್ನೆಲ್ಲ ನುಂಗಿಕೊಂಡ. "ಗೊತ್ತಿಲ್ಲವ್ವ."

ಹುಡುಗಿ ಎದ್ದು ಬಂದು ಅವನ ಕೈಯಿಂದ ಪಟ್ಟಿ ಕಿತ್ತುಕೊಂಡಳು. ತಾನೇ ಅಳೆದಳು. ಹದಿನಾಲ್ಕೂವರೆಯೇ.

"ಹದಿನೇಳು ಅಂದಿದ್ರ ನಾ ನಂಬತಿರ್ಲಿಲ್ರಿ ಸರ," ಅಂದಳು. "ಅಜ್ಜಾರು ಬೈದು ಕಳಿಸ್ಯಾರ, ಅದಕ್ಕ ಹೇಳ್ತಾರ ಅಂತಿದ್ದೆ."

ಅವಳ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಸರ, ಇದನ್ನ ಮತ್ತ ಮುಚ್ಚಿ ಹಂಗ ಬಿಟ್ರ ಎಷ್ಟು ದಿನ ಬದುಕ್ತಾವ್ರಿ? ಹಸಿರಾದಾವು ಹೆಚ್ಚು ದಿನ ಬದುಕ್ತಾವೇನು?"

"ನೋಡೂಣು."

"ನೀವೂ ನೋಡ್ತೀರಿ?"

"ನಾನೂ ನೋಡ್ತೀನಿ. ಉಳಿದ ಹತ್ತು ಮನಿ ಡಬ್ಬಿನೂ ಎತ್ತಿ ನೋಡ್ತೀನಿ. ನಕ್ಷತ್ರ ವಾಪಸ್ ತಗೋಬೇಕು."

"ಅಯ್ಯ, ಅಳಸಬ್ಯಾಡ್ರಿ. ಹಾಳಿ ಹರೀತಾವ," ಅಂದಳು ಚಂಪಾ.

ಆಮೇಲೆ ಕೈ ಚಾಚಿದಳು. "ನನ್ನ ಪುಸ್ತಕ ಎಲ್ರಿ?"

ಅಜ್ಜಾರು ಬಗಲಿನ ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟರು. ಅವರು ಹೊಳೆಯ ದಂಡೆಯಿಂದ ಬರಿಗಾಲಲ್ಲಿ ನಡೆದು ಬಂದಿದ್ದರು. ಕೆಸರು ಮೆತ್ತಿದ ಆ ಎರಡು ಪಾದ, ಎಂಟು ದಿನದ ಹಿಂದೆ ಕಂಬಳಿಯೊಳಗೆ ಅಡಗಿದ್ದ ಪಾದ, ಅಡಿವೆಪ್ಪನ ಕೈಗೆ ಒಂದು ಗೇಣು ದೂರದಲ್ಲೇ ಇದ್ದವು. ಅವನಿಗೆ ಕಾಣಲೇ ಇಲ್ಲ. ಅವನು ಸಸಿಯ ಮೇಲೆ ಬಗ್ಗಿ, ಬಾಗಿದ ತುದಿಗಳು ಎಷ್ಟು ಎಂದು ಒಂದೊಂದೇ ಎಣಿಸುತ್ತಿದ್ದ.

ಚಂಪಾ ತೂತು ಬಿದ್ದ ಪುಟ ತೆರೆದಳು. ಪೆನ್ಸಿಲ್ಲಿನ ತುದಿ ಬಾಯಲ್ಲಿಟ್ಟು ಯೋಚಿಸಿದಳು.

"ಅಜ್ಜಾರ, ಹೊಸಾ ಹಾಳಿ ತಗೊಳ್ಳೇನ್ರಿ?"

"ಬ್ಯಾಡ. ಅದರಾಗ ಬರಿ. ತೂತು ಇರಲಿ."

"ತಾರೀಕು ಯಾವುದು ಹಾಕಲ್ರಿ? ನಾ ಅಳೆದ ದಿನದ್ದೋ, ಇವತ್ತಿಂದೋ?"

"ನೀ ಅಳೆದ ದಿನ ನಿನಗ ಗೊತ್ತೈತಿ ತಂಗಿ, ಅದನ್ನ ತೂತಿನ ಮ್ಯಾಲ ಬರಿ. ತೂತಿನ ಕೆಳಗ ನಿಮ್ಮ ಸರ ಮೊದಲನೇ ಸಲ ಕಂಡಿದ್ದನ್ನ ಹೇಳಿದ ದಿನ ಬರಿ: ಎರಡು ಸಾವಿರದ ಇಪ್ಪತ್ತೆರಡನೇ ಇಸವಿ, ಜುಲೈ ಇಪ್ಪತ್ತೊಂದು, ಗುರುವಾರ."